ಇನ್ಸರ್ಟ್ ಚಿಪ್ ಆಗಿದ್ದು ಯಾರ ತಪ್ಪು? ಕೋಟಿಂಗ್ ಪದರಗಳ ಲೆಕ್ಕ

ಮಾಸ್ತಿಯಿಂದ ಮಾತಾಡ್ತಿದೀನಿ. ಊರಿನ ಹೆಸರು ಹೇಳಿದ್ರೆ ಎಲ್ಲರಿಗೂ ನೆನಪಾಗೋದು ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು. ಆದ್ರೆ ಇವತ್ತು ಕಥೆ ಇಲ್ಲ, ಮಷಿನ್ ವಿಷ್ಯ. ನಮ್ಮ ಕಡೆ ಐಟಿಐ ಮುಗಿಸಿದ ಹುಡುಗರು ಮಾಲೂರು, ನರಸಾಪುರ, ವೇಮಗಲ್ ಫ್ಯಾಕ್ಟರಿಗಳಿಗೆ ಹೋಗ್ತಾರೆ. ಸಿಎನ್‌ಸಿಯಲ್ಲಿ ಇನ್ಸರ್ಟ್ ಚಿಪ್ ಆದ್ರೆ ಮೊದಲ ಪ್ರಶ್ನೆ ಅವರಿಗೇ: "ಏನಪ್ಪಾ, ಹೆಂಗೆ ಓಡಿಸ್ದೆ?" ಕೆಲವು ಸಲ ಉತ್ತರ ಇರೋದು ಇನ್ಸರ್ಟ್ ಮೇಲಿನ ಕೋಟಿಂಗ್‌ನಲ್ಲಿ.

ನಿರ್ವಾತದಲ್ಲಿ ಹಾಕೋ ಪಿವಿಡಿ ಕೋಟಿಂಗ್ ಸಾಮಾನ್ಯವಾಗಿ 2ರಿಂದ 5 ಮೈಕ್ರಾನ್ ದಪ್ಪ ಇರುತ್ತೆ. ನಮ್ಮ ಕೂದಲು ಸುಮಾರು 70 ಮೈಕ್ರಾನ್. ಹಾಗಿದ್ರೆ ಇನ್ನೂ ದಪ್ಪ ಹಾಕಬಹುದಲ್ವಾ? ದಪ್ಪ ಹೆಚ್ಚಾದ ಹಾಗೆ ಒಳಗಿನ ಒತ್ತಡ ಸೇರ್ತಾ ಹೋಗಿ ಅಂಚಲ್ಲಿ ಸಿಪ್ಪೆ ಎದ್ದ ಹಾಗೆ ಏಳುತ್ತೆ, ಹರಿತವೂ ಹೋಗುತ್ತೆ. ಅದಕ್ಕೇ ಒಟ್ಟು ದಪ್ಪ ಅಷ್ಟೇ ಇಟ್ಟು, ಒಳಗೆ ಎರಡು ವಸ್ತುಗಳನ್ನ ಒಂದರ ಮೇಲೊಂದು ನೂರಾರು ತೆಳು ಪದರಗಳಾಗಿ ಹಾಕ್ತಾರೆ.

ಹೊಲದ ಬದು ನೆನಪಿಸಿಕೊಳ್ಳಿ. ಬದು ಹತ್ತಿರ ಹತ್ತಿರ ಇದ್ರೆ ಹರಿಯೋ ನೀರು ಹೆಜ್ಜೆಹೆಜ್ಜೆಗೂ ನಿಲ್ಲುತ್ತೆ. ವಸ್ತು ಬಾಗೋದು ಅಂದ್ರೆ ಅದರ ಹರಳಿನೊಳಗಿನ ದೋಷಗಳು ಸರಿಯೋದು. ಎರಡು ಪದರ ಸೇರೋ ಗಡಿ ಅವಕ್ಕೆ ಬದು ಇದ್ದ ಹಾಗೆ. ಪದರ ತೆಳುವಾದಷ್ಟೂ ಗಡಿ ಜಾಸ್ತಿ, ಗಡಸುತನ ಜಾಸ್ತಿ.

1987ರಲ್ಲಿ ಹೆಲ್ಮರ್ಸನ್ ಮತ್ತು ಜೊತೆಗಾರರು ಟೈಟಾನಿಯಂ ನೈಟ್ರೈಡ್, ವನೇಡಿಯಂ ನೈಟ್ರೈಡ್ ಪದರಗಳನ್ನ ಜೋಡಿಸಿದ್ರು. ಒಂದು ಜೋಡಿಯ ದಪ್ಪ ಸುಮಾರು 5.2 ನ್ಯಾನೋಮೀಟರ್ ಇದ್ದಾಗ ಗಡಸುತನ ಬಿಡಿ ವಸ್ತುವಿನ ಎರಡು ಪಟ್ಟಿಗಿಂತ ಹೆಚ್ಚಾಯ್ತು. ಅದಕ್ಕಿಂತ ತೆಳು ಮಾಡಿದಾಗ ಮತ್ತೆ ಇಳೀತು. ತೀರಾ ತೆಳುವಾದ್ರೆ ಗಡಿಗಳು ಬೆರೆತು, ಬದು ಯಾವುದು ಹೊಲ ಯಾವುದು ಅನ್ನೋದೇ ಉಳಿಯಲ್ಲ.

ಬೆಂಗಳೂರಲ್ಲೂ ಈ ಕೆಲಸ ನಡೆದಿದೆ. ಎನ್‌ಎಎಲ್‌ನಲ್ಲಿ ಹರೀಶ್ ಬರ್ಶಿಲಿಯಾ ಅವರ ತಂಡ ಟೈಟಾನಿಯಂ ನೈಟ್ರೈಡ್, ಕ್ರೋಮಿಯಂ ನೈಟ್ರೈಡ್ ನ್ಯಾನೋ ಪದರಗಳನ್ನ ಪರೀಕ್ಷಿಸಿದೆ. ಐಐಎಸ್‌ಸಿಯಲ್ಲಿ ವಿಕ್ರಂ ಜಯರಾಂ ಅವರ ತಂಡ ಗಟ್ಟಿ ಜಿರ್ಕೋನಿಯಂ ನೈಟ್ರೈಡ್ ನಡುವೆ ಮೆತ್ತಗಿನ ಜಿರ್ಕೋನಿಯಂ ಲೋಹ ಇಟ್ಟು, ಆ ಲೋಹದ ಪದರದ ದಪ್ಪ ಬದಲಾದ್ರೆ ಬಿರುಕು ಹೇಗೆ ಬದಲಾಗುತ್ತೆ ಅಂತ ನೋಡಿದೆ. ಲೋಹ ಬಾಗಿ ಪೆಟ್ಟು ತಡ್ಕೊಳ್ಳುತ್ತೆ, ಆದ್ರೆ ಲೋಹ ಜಾಸ್ತಿಯಾದ್ರೆ ಗಡಸುತನ ಇಳಿಯುತ್ತೆ. ಗಡಸು ಬೇರೆ, ಪೆಟ್ಟು ತಡೆಯೋ ಗುಣ ಬೇರೆ.

ನಾನು ಬಿ.ಕಾಂ. ಓದಿದವನು, ಹಾಗಾಗಿ ಲೆಕ್ಕಕ್ಕೆ ಬರ್ತೀನಿ. ಉದಾಹರಣೆಗೆ, 200 ರೂಪಾಯಿ ಇನ್ಸರ್ಟ್ 100 ಪೀಸ್ ಮಾಡಿದ್ರೆ ಪೀಸ್‌ಗೆ 2 ರೂಪಾಯಿ. 300 ರೂಪಾಯಿಯದ್ದು 200 ಪೀಸ್ ಮಾಡಿದ್ರೆ ಒಂದೂವರೆ. ಅದೇ ಇನ್ಸರ್ಟನ್ನ ತೂತು, ಗಾಡಿ ಇರೋ ಜಾಬ್‌ಗೆ, ಅಂದ್ರೆ ಬಿಟ್ಟುಬಿಟ್ಟು ಪೆಟ್ಟು ಬೀಳೋ ಕಡೆ ಹಾಕಿ, 60 ಪೀಸ್‌ಗೇ ಚಿಪ್ ಆದ್ರೆ? ಪೀಸ್‌ಗೆ 5 ರೂಪಾಯಿ!

ಬಣ್ಣ ನೋಡಿ ಪದರ ಗೊತ್ತಾಗಲ್ಲ. ಡಬ್ಬಿ ಮೇಲಿನ ಗ್ರೇಡ್ ನಂಬರ್ ಬರ್ಕೊಂಡು ಕ್ಯಾಟಲಾಗ್‌ನಲ್ಲಿ ಅದು ಯಾವ ಕಟಿಂಗ್‌ಗೆ ಅಂತ ನೋಡಿ. ಎಷ್ಟು ಪೀಸ್‌ಗೆ ಹೋಯ್ತು, ಸವೆದು ಹೋಯ್ತಾ, ಚಿಪ್ ಆಯ್ತಾ, ಇದನ್ನೂ ಬರೆದಿಡಿ. ಮುಂದಿನ ಸಲ ಸೂಪರ್‌ವೈಸರ್ ಕೇಳಿದಾಗ ಆ ಪುಸ್ತಕ ತೋರಿಸಿ.

ನಿಮ್ಮ ಶಾಪ್‌ನಲ್ಲಿ ಇನ್ಸರ್ಟ್ ಯಾರು ಆರಿಸ್ತಾರೆ, ಓಡಿಸೋರನ್ನ ಕೇಳ್ತಾರಾ? ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.