ಯಾರ ಹೆಸರು ಹೊಡೆಯುತ್ತೀರಿ?

ಚಿನ್ನದ ಪದಕದವರಿಗೂ ಪಾಸಾದರೆ ಸಾಕು ಎಂದಿದ್ದವರಿಗೂ ಒಂದೇ ಉಸಿರಿನಲ್ಲಿ ಅಭಿನಂದನೆ ಹೇಳಿದ ಘಟಿಕೋತ್ಸವದ ಮುಖ್ಯ ಅತಿಥಿ, ಸಮಾಜಕಾರ್ಯದ ಹೊಸ ಪದವೀಧರರನ್ನು ಮಾತಿನಲ್ಲೇ ನೇರವಾಗಿ ಬಾಂಗ್ಲಾದೇಶದ ಕಾಕ್ಸ್ ಬಜಾರಿಗೆ ಕರೆದೊಯ್ದರು. ನಿರಾಶ್ರಿತರ ಶಿಬಿರಗಳಲ್ಲಿ ಪಡಿತರ ಹಂಚುತ್ತಲೇ ತಲೆ ನರೆತವರು ಅವರು.

2017ರ ಆಗಸ್ಟ್ ನಂತರ ಮ್ಯಾನ್ಮಾರಿನಿಂದ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಅಲ್ಲಿಗೆ ಬಂದರು. ಈಗ ಶಿಬಿರವಾಸಿಗಳು 10 ಲಕ್ಷ ದಾಟಿದ್ದಾರೆ. ಹೊರಗೆ ಹೋಗಿ ದುಡಿಯಲು ಅನುಮತಿಯಿಲ್ಲ. ವಿಶ್ವ ಆಹಾರ ಕಾರ್ಯಕ್ರಮ ತಿಂಗಳಿಗೊಮ್ಮೆ ಕಾರ್ಡಿಗೆ ಹಾಕುವ ಹಣದಲ್ಲೇ ಅಕ್ಕಿ, ಬೇಳೆ, ಎಣ್ಣೆ, ಮೊಟ್ಟೆ ಎಲ್ಲವೂ ಆಗಬೇಕು. ತಲಾ 12 ಡಾಲರ್ ಇದ್ದದ್ದು 2023ರಲ್ಲಿ ದೇಣಿಗೆ ಸಾಲದೆ ಮೊದಲು 10ಕ್ಕೆ, ಆಮೇಲೆ 8ಕ್ಕೆ ಬಿತ್ತು. ಮರುವರ್ಷ 12.50ಕ್ಕೆ ಏರಿತು. 2025ರ ಮಾರ್ಚ್‌ನಲ್ಲಿ, ಇನ್ನು ಮುಂದೆ 6 ಡಾಲರ್ ಎಂಬ ಪ್ರಕಟಣೆ ಬಂತು.

"ದಿನಕ್ಕೆ ಸುಮಾರು 17 ರೂಪಾಯಿ. ಇಂದಿರಾ ಕ್ಯಾಂಟೀನ್ ಶುರುವಾದಾಗ, ಸರ್ಕಾರ ಸಬ್ಸಿಡಿ ಕೊಟ್ಟೂ, ಮೂರು ಹೊತ್ತಿಗೆ 25 ರೂಪಾಯಿ ಆಗುತ್ತಿತ್ತು," ಎಂದರು. ಕೊನೇ ಗಳಿಗೆಯಲ್ಲಿ ಹಣ ಹೊಂದಿಕೆಯಾಗಿ ಕಡಿತ 12 ಡಾಲರಿಗೆ ನಿಂತಿತು. ಅಷ್ಟರಲ್ಲಿ ಉಣ್ಣುವ ಬಾಯಿಗಳೂ ಹೆಚ್ಚಿದ್ದವು: 2024ರ ಆರಂಭದಿಂದ ಒಂದೂವರೆ ವರ್ಷದಲ್ಲಿ ಹೊಸದಾಗಿ ಬಂದವರೇ ಸುಮಾರು ಒಂದೂವರೆ ಲಕ್ಷ.

ಜಗತ್ತಿನ ಲೆಕ್ಕವೂ ಇದೇ. 2025ರ ಮಾನವೀಯ ನೆರವಿಗೆ 4,700 ಕೋಟಿ ಡಾಲರ್ ಬೇಕೆಂದಿದ್ದ ವಿಶ್ವಸಂಸ್ಥೆ, ಜೂನ್‌ನಲ್ಲಿ ಅತಿ ತುರ್ತಿನವರಿಗೆ ಮಾತ್ರ ಎಂದು ಮನವಿಯನ್ನು 2,900 ಕೋಟಿಗೆ ಇಳಿಸಿತು. 19 ಕೋಟಿ ಜನರ ಗುರಿ 11.4 ಕೋಟಿಗೆ ಬಂತು. ಉಳಿದವರ ಹೆಸರು ಹೊಡೆದದ್ದು ಯಾರು, ಯಾವ ಆಧಾರದ ಮೇಲೆ? ಅತಿಥಿಯ ತಲೆಬಿಸಿ ಅದೇ.

ಇಲ್ಲಿಂದ ಮಾತು ಅವರ ಮೊದಲ ಮೇಲಧಿಕಾರಿಯ ಕಡೆ ಹೊರಳಿತು, ಬೇಗ ಮರಳಲಿಲ್ಲ. ಆ ಮನುಷ್ಯ ಹಂಚಿಕೆ ಕೇಂದ್ರದ ಪ್ರವೇಶದ್ವಾರದಲ್ಲಿ ನಿಲ್ಲುತ್ತಲೇ ಇರಲಿಲ್ಲವಂತೆ. ನಿಲ್ಲುತ್ತಿದ್ದದ್ದು ಜನ ಹೊರಬೀಳುವ ಕಡೆ. ಚೀಲ ಹೊರಲಾಗದ ಮುದುಕಿ ಹಮಾಲಿಗೆ ಎಷ್ಟು ಅಕ್ಕಿ ತೆರುತ್ತಾಳೆ, ಬೇಲಿಯಾಚೆ ಬೇಳೆ ಮಾರಿ ಔಷಧಿ ಕೊಳ್ಳುವವರು ಯಾರು ಎಂದು ನೋಡುತ್ತಿದ್ದರು. ಕಡಿತದ ಪಟ್ಟಿ ಬಂದರೆ, ಹೆಸರು ಹೋದ ಕೆಲವರ ಗುಡಿಸಲಿಗೆ ಹೋಗಿ ಒಲೆ ನೋಡದೆ ಸಹಿ ಹಾಕುತ್ತಿರಲಿಲ್ಲ. ತಡವಾಯಿತೆಂದು ಕಚೇರಿಯಿಂದ ಬೈಗುಳ ಬರುತ್ತಿತ್ತು. ಕೇಳಿಸಿಕೊಂಡು ಮತ್ತೊಂದು ಗುಡಿಸಲಿಗೆ ನಡೆಯುತ್ತಿದ್ದರು.

"ನಿಮಗೋ ಪರದೆಯ ಮೇಲಿನ ಡ್ಯಾಶ್‌ಬೋರ್ಡ್ ಸಾಕು!" ಎಂದು ಅತಿಥಿ ರೇಗಿದರು. ಬಣ್ಣದ ನಕ್ಷೆ ಮಾಡುವವರಿಗೆ ಮಗುವಿನ ತೋಳು ಅಳೆಯಲು ಬರುವುದಿಲ್ಲ. ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ, ಟೇಪಿನಲ್ಲಿ ಕೆಂಪು; ಅದಕ್ಕಿಂತ ತುಸು ಮೇಲಿದ್ದರೆ ಹಳದಿ. ಟೇಪು ಬಿಗಿಯಾಗಿ ಎಳೆದರೆ ಹಳದಿಯ ಮಗು ಕೆಂಪಿಗೆ ಬೀಳುತ್ತದೆ, ಸಡಿಲ ಬಿಟ್ಟರೆ ಕೆಂಪಿನ ಮಗುವಿಗೆ ಚಿಕಿತ್ಸೆ ತಪ್ಪುತ್ತದೆ. ಹತ್ತಿರದ ಅಂಗನವಾಡಿಗೆ ಹೋಗಿ ಕಲಿಯಿರಿ ಎಂದರು.

ಉಳಿದ ಸಲಹೆಗಳು ಗಡಿಬಿಡಿಯಲ್ಲಿ ಬಂದವು. ಅಮೆರಿಕದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ 2025ರ ಜುಲೈ 1ಕ್ಕೆ ಕದ ಮುಚ್ಚಿದೆ. ಈ ಕ್ಷೇತ್ರದ ಕೆಲಸ ಯಾವಾಗ ಬೇಕಾದರೂ ಹೋದೀತು, ಆರು ತಿಂಗಳ ಸಂಬಳ ಕೂಡಿಡಿ. ಹೋಗುವ ಊರಿನ ಮಾತು ಸಂತೆಯಲ್ಲಿ ಚೌಕಾಸಿ ಮಾಡುವಷ್ಟಾದರೂ ಬರಲಿ. ಹೊರಡುವ ಮುಂಚೆ ಹಲ್ಲು ತೋರಿಸಿಕೊಳ್ಳಿ, ಶಿಬಿರದಲ್ಲಿ ದಂತವೈದ್ಯರು ಸಿಗುವುದು ಕಷ್ಟ.