ಗಾಲಿ ನೆಲ ಮುಟ್ಟಿದ ಮೇಲೆ

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ವಿಮಾನ ನಡೆಸುವುದರಲ್ಲಿ ಕಷ್ಟದ ಕೆಲಸ ಯಾವುದು ಎಂದು ಮಕ್ಕಳು ಕೇಳಿದ್ದಾರೆ. ಹಾರುವುದಲ್ಲ, ಇಳಿಯುವುದು. ಅದರಲ್ಲೂ ಮೂತಿಯ ಕೆಳಗೆ ಗಾಲಿ ಇಲ್ಲದೆ, ಬಾಲದ ಕೆಳಗೆ ಪುಟ್ಟ ಗಾಲಿ ಇರುವ ಸಣ್ಣ ವಿಮಾನ ಇಳಿದ ಮೇಲೂ ಪೈಲಟ್‌ನನ್ನು ಪರೀಕ್ಷಿಸುತ್ತದೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿ 1951ರಲ್ಲಿ ಮೊದಲು ಹಾರಿದ ಎಚ್‌ಟಿ-2, 1958ರಲ್ಲಿ ಹಾರಿದ ಪುಷ್ಪಕ್ ಎರಡೂ ಇಂಥವೇ. ನಮ್ಮ ದೇಶದ ಎಷ್ಟೋ ಪೈಲಟ್‌ಗಳ ಅಕ್ಷರಾಭ್ಯಾಸ ಆದದ್ದು ಇವುಗಳಲ್ಲಿ.

ಈ ವಿಮಾನಗಳಲ್ಲಿ ದೊಡ್ಡ ಗಾಲಿಗಳೆರಡು ಮುಂದೆ, ಭಾರದ ಕೇಂದ್ರ ಅವುಗಳ ಹಿಂದೆ. ಟ್ರ್ಯಾಕ್ಟರ್ ಮುಂದಕ್ಕೆ ಹೋದರೆ ಟ್ರೇಲರ್ ತಾನೇ ನೆಟ್ಟಗೆ ಬರುತ್ತದೆ. ರಿವರ್ಸ್ ತೆಗೆದು ನೋಡಿ, ಗೇಣಷ್ಟು ಓರೆಯಾದದ್ದು ಕ್ಷಣದಲ್ಲಿ ಮಾರಷ್ಟಾಗುತ್ತದೆ. ಇಲ್ಲೂ ಹಾಗೆಯೇ. ಮೂತಿ ಸ್ವಲ್ಪ ಪಕ್ಕಕ್ಕೆ ತಿರುಗಿದರೆ ಸಾಕು, ಹಿಂದಿನ ಭಾರ ಮುಂದೆ ನುಗ್ಗಿ ಅದನ್ನು ಇನ್ನಷ್ಟು ತಿರುಗಿಸುತ್ತದೆ. ವಿಮಾನ ಗಿರ್ರನೆ ಸುತ್ತಿ, ಹೊರಬದಿಯ ರೆಕ್ಕೆ ನೆಲಕ್ಕೆ ಉಜ್ಜುತ್ತದೆ. ಗಾಲಿಯ ಕಾಲೇ ಮುರಿಯಬಹುದು. ಇದನ್ನು ಗ್ರೌಂಡ್ ಲೂಪ್ ಎನ್ನುತ್ತಾರೆ. ಗಾಬರಿಯಲ್ಲಿ ಬ್ರೇಕ್ ಅದುಮಿದರೆ ಬಾಲ ಮೇಲೆದ್ದು ಪ್ರೊಪೆಲರ್ ನೆಲಕ್ಕೆ ಬಡಿಯುತ್ತದೆ, ವಿಮಾನ ಮಗುಚಲೂಬಹುದು.

ಅಡ್ಡಗಾಳಿ ಇದ್ದರೆ ಅಪಾಯ ಹೆಚ್ಚು. ಗಾಳಿ ಬಾಲವನ್ನು ತಳ್ಳಿ ಮೂತಿಯನ್ನು ತನ್ನ ಕಡೆ ತಿರುಗಿಸುತ್ತದೆ. ದಿಕ್ಕು ಹಿಡಿಯುವ ರಡ್ಡರ್ ಕೆಲಸ ಮಾಡುವುದು ಎದುರಿನಿಂದ ಹಾಯುವ ಗಾಳಿಯಿಂದ. ವೇಗ ಇಳಿದಂತೆ ಅದರ ಬಲವೂ ಇಳಿಯುತ್ತದೆ. "ಇಳಿದಾಯಿತು" ಎಂದು ಮನಸ್ಸು ಹಗುರಾಗುವ ಹೊತ್ತಿಗೇ ವಿಮಾನ ಮಾತು ಕೇಳುವುದು ಕಡಿಮೆಯಾಗಿರುತ್ತದೆ.

ಇದಕ್ಕೆ ಮದ್ದು ಉಂಟು. ಪಕ್ಕಕ್ಕೆ ಜಾರದಂತೆ, ರನ್‌ವೇಗೆ ನೇರವಾಗಿ ಗಾಲಿ ಮುಟ್ಟಿಸಬೇಕು. ಮೂತಿ ಅಲುಗಿದ ಕೂಡಲೇ ರಡ್ಡರ್ ಪೆಡಲ್ ಸ್ವಲ್ಪವೇ ಒತ್ತಿ ಬಿಡಬೇಕು. ಮೂರೂ ಗಾಲಿ ಕೂತ ಮೇಲೆ ಸ್ಟಿಕ್ಕನ್ನು ಎದೆಯ ಕಡೆ ಎಳೆದು ಹಿಡಿದು, ಬಾಲವನ್ನು ನೆಲಕ್ಕೆ ಒತ್ತಿರಬೇಕು. ಇಳಿಯುವಾಗಲೇ ಸರಿಬರಲಿಲ್ಲ ಎನಿಸಿದರೆ ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟು, ಮತ್ತೆ ಮೇಲೇರಿ, ಒಂದು ಸುತ್ತು ಹಾಕಿ ಬರಬೇಕು. ಅದು ಸೋಲಲ್ಲ. ನೋಡಿದವರು ನಕ್ಕಾರು ಎಂದು ಹಟ ಹಿಡಿದರೆ ರೆಕ್ಕೆ ಮುರಿದೀತು, ಜೀವಕ್ಕೂ ಕುತ್ತು ಬಂದೀತು.

ನಮ್ಮ ಶಾಲೆಯ ಹುಡುಗ ಹುಡುಗಿಯರೂ ಜಕ್ಕೂರಿನ ಸರ್ಕಾರಿ ವಿಮಾನ ತರಬೇತಿ ಶಾಲೆಯ ಮೆಟ್ಟಿಲು ಹತ್ತಲಿ. ಹತ್ತಿದವರು ಒಂದು ಮಾತು ನೆನಪಿಡಿ: ವಿಮಾನ ನಿಂತು ಗಾಲಿಗೆ ಅಡೆ ಇಡುವವರೆಗೆ ಹಾರಾಟ ಮುಗಿದಿಲ್ಲ, ಕಾಲುಗಳಿಗೆ ಬಿಡುವಿಲ್ಲ.