ಕಾಲೇಜು ಫುಟ್‌ಬಾಲ್ ಪರಂಪರೆ ಮತ್ತು ನಮ್ಮ ಯುವಜನರು



ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿಯೂ, ಸಂತ ಫಿಲೋಮಿನಾ ಕಾಲೇಜು 1946ರಲ್ಲಿಯೂ ಸ್ಥಾಪನೆಗೊಂಡವು. ಸರ್ ಆಶುತೋಷ್ ಮುಖರ್ಜಿ ಪಾರಿತೋಷಕಕ್ಕಾಗಿ ಅಂತರ ವಿಶ್ವವಿದ್ಯಾನಿಲಯ ಫುಟ್‌ಬಾಲ್ ಪಂದ್ಯಾವಳಿ 1941ರಲ್ಲಿ ಆರಂಭವಾಯಿತು. ವರ್ಷಂಪ್ರತಿ ನಡೆಯುವ ಅಂತರ ಕಾಲೇಜು ಪಂದ್ಯಾವಳಿಯೇ ಅದಕ್ಕೆ ಮೆಟ್ಟಿಲು. ಅದರಲ್ಲಿ ಮಿಂಚಿದವರಿಗೆ ವಿಶ್ವವಿದ್ಯಾನಿಲಯದ ತಂಡದ ಬಾಗಿಲು ತೆರೆಯುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯ ರೈತ ಮಕ್ಕಳೂ ನಗರದ ವಿದ್ಯಾರ್ಥಿಗಳಿಗೆ ಸರಿಸಮನಾಗಿ ನಿಲ್ಲುವುದು ಇಂಥ ಕಣದಲ್ಲಿಯೇ. ಚೆಂಡು ಯಾರ ಜಾತಿಯನ್ನೂ ಮತವನ್ನೂ ಕೇಳುವುದಿಲ್ಲ.

1946ರಲ್ಲಿ ಮೊದಲಬಾರಿಗೆ ಸಂತೋಷ್ ಟ್ರೋಫಿ ಗೆದ್ದ ನಾಡು ನಮ್ಮದು; 1969ರ ಗೆಲುವಿನ ಬಳಿಕ 54 ವರ್ಷ ಕಾದು, 2023ರಲ್ಲಿ ರಿಯಾದ್‌ನಲ್ಲಿ ಅದನ್ನು ಮರಳಿ ಪಡೆಯಿತು. ಆಟದ ಬಯಲೇ ಇಲ್ಲವಾದರೆ ಆಟಗಾರರು ಎಲ್ಲಿಂದ ಬಂದಾರು? ಸಂತ ಪೌಲರು ವಿಶ್ವಾಸ ಜೀವನವನ್ನು ಓಟದ ಪಂದ್ಯಕ್ಕೆ ಹೋಲಿಸಿದ್ದಾರೆ. ಈ ಶತಮಾನೋತ್ಸವದ ಸ್ಮರಣೆಗಾಗಿ ದೇವಾಲಯದ ಅಂಗಳವನ್ನು ಪ್ರತಿ ಸಂಜೆ ಊರಿನ ಎಲ್ಲ ಮಕ್ಕಳಿಗೂ ತೆರೆದಿಡೋಣ. ದೇವರು ನಮ್ಮೆಲ್ಲರನ್ನೂ ಆಶೀರ್ವದಿಸಲಿ.